ಬೆಕ್ಕಿಗೆ ಲ್ಯುಕೇಮಿಯಾ ವೈರಸ್: ಕಿಟ್‌ನಲ್ಲಿ ಪಾಸಿಟಿವ್ ಬಂದ ಮೇಲೆ

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟ. ಮೂರು ವರ್ಷದ ಗಂಡುಬೆಕ್ಕಿದೆ, ಸಂತಾನಹರಣದ ಆಪರೇಷನ್ ಮಾಡಿಸಿಲ್ಲ. ರಾತ್ರಿ ಲೈನ್‌ಮನೆ (ತೋಟದ ಕೆಲಸಗಾರರ ಮನೆಸಾಲು) ಕಡೆ ತಿರುಗಾಡಿ ಬೆಳಗ್ಗೆ ಬರುತ್ತದೆ. ಒಂದು ತಿಂಗಳಿಂದ ಸೊರಗಿದೆ, ಸದಾ ಮಲಗಿರುತ್ತದೆ, ಒಸಡು ಬೆಳ್ಳಗಾಗಿದೆ. ಮೈಸೂರಿನಲ್ಲಿ ತೋರಿಸಿದಾಗ ಕಿಟ್ ಪರೀಕ್ಷೆಯಲ್ಲಿ ಲ್ಯುಕೇಮಿಯಾ ವೈರಸ್ ಪಾಸಿಟಿವ್, ಎಫ್‌ಐವಿ (ಬೆಕ್ಕಿನ ನಿರೋಧಕಶಕ್ತಿ ಕುಗ್ಗಿಸುವ ಇನ್ನೊಂದು ವೈರಸ್) ನೆಗೆಟಿವ್ ಎಂದು ಬಂತು. ಮನೆಯಲ್ಲಿ ಇನ್ನೂ ಎರಡು ಬೆಕ್ಕುಗಳಿವೆ, ನಾಲ್ಕು ವರ್ಷದ ಮಗುವಿದೆ. ‘ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡಿ’ ಎನ್ನುತ್ತಾರೆ ಕೆಲವರು, ‘ತೋಟದಲ್ಲಿ ಬಿಟ್ಟುಬಿಡಿ, ಇದ್ದಷ್ಟು ದಿನ ಇರಲಿ’ ಎನ್ನುತ್ತಾರೆ ಇನ್ನು ಕೆಲವರು. ಮಳೆಗಾಲ ಹತ್ತಿರ ಬಂತು. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಪತ್ರದಲ್ಲಿ ತುರ್ತಾಗಿ ನೋಡಬೇಕಾದ ಮಾತೆಂದರೆ ‘ಒಸಡು ಬೆಳ್ಳಗಾಗಿದೆ’ ಎಂಬುದು. ಬೆಕ್ಕಿಗೆ ರಕ್ತ ಕಡಿಮೆಯಾಗಿದೆ. ಅದು ಈ ವೈರಸ್‌ನಿಂದಲೇ ಆಗಿರಬಹುದು; ವೈರಸ್ ಜೊತೆ ಸೇರಿಕೊಂಡ, ಮಾತ್ರೆಗೆ ಬಗ್ಗುವ ಬೇರೆ ಸೋಂಕಿನಿಂದಲೂ ಆಗಿರಬಹುದು. ‘ಲ್ಯುಕೇಮಿಯಾ’ ಎಂಬ ಹೆಸರು ಕೇಳಿದ ಕೂಡಲೇ ಎಲ್ಲ ಲಕ್ಷಣವನ್ನೂ ಅದರ ತಲೆಗೇ ಕಟ್ಟಿ ಕೈಚೆಲ್ಲುವುದು ರೂಢಿಯಾಗಿಬಿಟ್ಟಿದೆ. ಪಾಸಿಟಿವ್ ಬೆಕ್ಕುಗಳಲ್ಲಿ ಎಷ್ಟೋ ಸಾಯುವುದು ಗುಣವಾಗಬಹುದಾಗಿದ್ದ ಕಾಯಿಲೆಯಿಂದ, ತಡವಾಗಿ ನೋಡಿದ್ದರಿಂದ.

ಮೊದಲು ರಕ್ತದ ವಿಚಾರ ಮುಗಿಸೋಣ.

ವೈದ್ಯರನ್ನು ಮೂರು ವಿಷಯ ಕೇಳಿ: ಪಿಸಿವಿ ಎಷ್ಟು (ರಕ್ತದಲ್ಲಿ ಕೆಂಪುಕಣಗಳ ಪಾಲು ಶೇಕಡಾ ಎಷ್ಟು ಎಂಬ ಲೆಕ್ಕ), ರೆಟಿಕ್ಯುಲೊಸೈಟ್ ಎಷ್ಟು (ಹೊಸದಾಗಿ ಹುಟ್ಟುತ್ತಿರುವ ಕೆಂಪುಕಣ), ಮತ್ತು ಸ್ಲೈಡಿನಲ್ಲಿ (ಗಾಜಿನ ಮೇಲೆ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದಲ್ಲಿ) ಏನು ಕಂಡಿತು. ಆರೋಗ್ಯವಂತ ಬೆಕ್ಕಿನ ಪಿಸಿವಿ ಹೆಚ್ಚುಕಡಿಮೆ 30ರಿಂದ 45ರ ನಡುವೆ ಇರುತ್ತದೆ. 20ಕ್ಕಿಂತ ಕೆಳಗಿಳಿದರೆ ಬೆಕ್ಕು ಆಟ ಬಿಡುತ್ತದೆ, ಎತ್ತರಕ್ಕೆ ಹಾರುವುದಿಲ್ಲ. 15ರ ಆಸುಪಾಸು ಬಂದು ಉಸಿರೂ ಜೋರಾದರೆ ರಕ್ತ ಕೊಡಿಸುವ ಮಾತು. ಬೆಕ್ಕುಗಳಿಗೂ ಎ, ಬಿ, ಎಬಿ ಎಂಬ ರಕ್ತದ ಗುಂಪುಗಳಿವೆ. ಬಿ ಗುಂಪಿನ ಬೆಕ್ಕಿಗೆ ಎ ರಕ್ತ ಹೋದರೆ ಪ್ರಾಣಕ್ಕೇ ಕುತ್ತು. ಆದ್ದರಿಂದ ಗುಂಪು ನೋಡುವ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಆ ಕೆಲಸ.

ರೆಟಿಕ್ಯುಲೊಸೈಟ್ ಚೆನ್ನಾಗಿದ್ದರೆ ಮೂಳೆಮಜ್ಜೆ ದುಡಿಯುತ್ತಿದೆ, ರಕ್ತ ಬೇರೆಲ್ಲೋ ಒಡೆಯುತ್ತಿದೆ ಅಥವಾ ಸೋರುತ್ತಿದೆ ಎಂದು ತಿಳಿಯಬೇಕು. ಆಗ ಮೊದಲ ಅನುಮಾನ ಹೀಮೋಪ್ಲಾಸ್ಮಾ ಮೇಲೆ. ಕೆಂಪುಕಣದ ಮೈಮೇಲೆ ಅಂಟಿ ಕೂರುವ ಬ್ಯಾಕ್ಟೀರಿಯಾ ಇದು. ಬೀದಿ ಸುತ್ತಿ, ಜಗಳವಾಡಿ, ಮೈತುಂಬ ಚಿಗಟ ಹೊತ್ತು ಬರುವ ಗಂಡುಬೆಕ್ಕುಗಳಲ್ಲೇ ಇದು ಹೆಚ್ಚು, ಅಂದರೆ ನಿಮ್ಮ ಬೆಕ್ಕಿನಂಥದರಲ್ಲಿ. ಸ್ಲೈಡನ್ನು ಸೂಜಿಯಿಂದ ಬಂದ ತಾಜಾ ರಕ್ತದಿಂದ ಆಗಲೇ ಎಳೆಯಬೇಕು. ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬಿನಲ್ಲಿ ಕೆಲವು ಗಂಟೆ ಕೂತರೆ ಈ ಬ್ಯಾಕ್ಟೀರಿಯಾ ಕಣದಿಂದ ಕಳಚಿಕೊಳ್ಳುತ್ತದೆ, ನೋಡಿದವರು ‘ಏನೂ ಇಲ್ಲ’ ಎನ್ನುತ್ತಾರೆ. ಸ್ಲೈಡಿನಲ್ಲಿ ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ, ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯೇ ಗಟ್ಟಿ. ಆದರೆ ಪಿಸಿಆರ್ ವರದಿ ಬೆಂಗಳೂರಿನಿಂದ ಬರುವವರೆಗೆ ಬೆಳ್ಳನೆಯ ಒಸಡಿನ ಬೆಕ್ಕನ್ನು ಹಾಗೇ ಕೂರಿಸಿಕೊಳ್ಳುವುದು ಸರಿಯಲ್ಲ. ಡಾಕ್ಸಿಸೈಕ್ಲಿನ್ ಈಗಲೇ ಶುರುಮಾಡಬಹುದೇ ಎಂದು ವೈದ್ಯರನ್ನು ಕೇಳಿ.

ಡಾಕ್ಸಿಸೈಕ್ಲಿನ್ ಪ್ರಮಾಣ ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ. 4 ಕಿಲೋ ಬೆಕ್ಕಿಗೆ 40 ಮಿಲಿಗ್ರಾಂ, ಒಂದೇ ಸಲಕ್ಕೆ ಅಥವಾ ಎರಡು ಪಾಲು ಮಾಡಿ, ಮೂರರಿಂದ ನಾಲ್ಕು ವಾರ. ಒಂದು ವಾರಕ್ಕೆ ಬೆಕ್ಕು ಚುರುಕಾಯಿತೆಂದು ನಿಲ್ಲಿಸುವವರೇ ಬಹಳ. ರೋಗ ಮರುಕಳಿಸುವುದೂ ಅಲ್ಲೇ. ಈ ಮಾತ್ರೆ ಕೊಡುವುದರಲ್ಲಿ ಇನ್ನೊಂದು ಅಪಾಯವಿದೆ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಸುಟ್ಟು ಹುಣ್ಣಾಗಿ, ಕೆಲವು ವಾರಗಳ ಮೇಲೆ ನಾಳ ಕಿರಿದಾಗಿ, ತಿಂದದ್ದೆಲ್ಲ ಹೊರಬರತೊಡಗುತ್ತದೆ. ಆದ್ದರಿಂದ ಮಾತ್ರೆಯ ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಲ್ಲಿ 5–6 ಮಿಲಿ ನೀರನ್ನು ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ಆಮೇಲೆ ಒಂದು ತುತ್ತು ಊಟ ಕೊಡಿ. ದ್ರವರೂಪದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಹಾಲಿನಲ್ಲಿ ಕಲಸಿ ಕೊಡಬೇಡಿ, ಅದರ ಕ್ಯಾಲ್ಸಿಯಂ ಮದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಐದಾರು ದಿನಕ್ಕೆ ಪಿಸಿವಿ ಮತ್ತೆ ನೋಡಿಸಿ. ಮೇಲೇರುತ್ತಿದ್ದರೆ ಹಾದಿ ಸರಿ.

ರೆಟಿಕ್ಯುಲೊಸೈಟ್ ಇಲ್ಲವೇ ಇಲ್ಲ, ಕೆಂಪುಕಣದ ಗಾತ್ರ ಮಾತ್ರ ದೊಡ್ಡದಾಗಿದೆ ಎಂದು ಬಂದರೆ ವೈರಸ್ ಮೂಳೆಮಜ್ಜೆಗೇ ಕೈಹಾಕಿದೆ ಎಂಬ ಅನುಮಾನ ಬಲವಾಗುತ್ತದೆ. ಇದು ಕಷ್ಟದ ಬಗೆ. ಮನುಷ್ಯರ ಕಬ್ಬಿಣದ ಟಾನಿಕ್ ಇಲ್ಲಿ ಪ್ರಯೋಜನಕ್ಕೆ ಬಾರದು. ಕೊರತೆ ಇರುವುದು ಕಬ್ಬಿಣದ್ದಲ್ಲ, ಕಣ ಹುಟ್ಟಿಸುವ ಶಕ್ತಿಯದು. ಚಿಗಟ, ಜಿಗಣೆ ಬಹಳ ರಕ್ತ ಹೀರಿದ್ದರೆ ಮಾತ್ರ ಕಬ್ಬಿಣಕ್ಕೆ ಅರ್ಥವಿದೆ.

ಒಂದು ಎಚ್ಚರಿಕೆ. ಹತ್ತಿರದಲ್ಲಿದೆ ಎಂದು ಮನುಷ್ಯರ ಲ್ಯಾಬಿನ ಯಂತ್ರದಲ್ಲಿ ಬೆಕ್ಕಿನ ರಕ್ತ ಓಡಿಸಿದರೆ ಲೆಕ್ಕ ತಪ್ಪುತ್ತದೆ. ಬೆಕ್ಕಿನ ಕೆಂಪುಕಣ ಚಿಕ್ಕದು, ಪ್ಲೇಟ್‌ಲೆಟ್ ದೊಡ್ಡದು ಮತ್ತು ಗುಂಪುಗಟ್ಟುವ ಸ್ವಭಾವದ್ದು. ಯಂತ್ರಕ್ಕೆ ಒಂದು ಇನ್ನೊಂದಾಗಿ ಕಾಣುತ್ತದೆ. ‘ಪ್ಲೇಟ್‌ಲೆಟ್ ಬಹಳ ಕಡಿಮೆ’ ಎಂಬ ವರದಿ ಹಿಡಿದು ಪಪ್ಪಾಯಿ ಎಲೆಯ ರಸ ಕುಡಿಸಲು ಹೋಗುವವರಿದ್ದಾರೆ. ಆ ಕಹಿಗೆ ಬೆಕ್ಕು ನೊರೆ ಕಾರಿ, ಕೊನೆಗೆ ಇದ್ದ ಊಟವನ್ನೂ ಬಿಡುತ್ತದೆ. ಅಮೃತಬಳ್ಳಿ ಕಷಾಯಕ್ಕೂ ಇದೇ ಮಾತು. ಬೆಕ್ಕಿನ ಪಿತ್ತಜನಕಾಂಗ ನಮ್ಮದರಂತೆ ಎಲ್ಲವನ್ನೂ ಅರಗಿಸಿ ಹೊರಹಾಕುವಂಥದಲ್ಲ.

ಪ್ರತಿ ಸಲವೂ ಬೆಕ್ಕನ್ನೇ ಮೈಸೂರಿಗೆ ಹೊರಬೇಕಿಲ್ಲ. ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಪಶುವೈದ್ಯರು ಒಂದು ಮಿಲಿ ರಕ್ತ ತೆಗೆದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೊಟ್ಟರೆ, ಜೊತೆಗೆ ಎರಡು ಒಣ ಸ್ಲೈಡ್ ಇಟ್ಟು, ಟ್ಯೂಬನ್ನು ಬಟ್ಟೆಯಲ್ಲಿ ಸುತ್ತಿ ಐಸ್‌ಪ್ಯಾಕ್ ಪಕ್ಕದಲ್ಲಿಟ್ಟು ಕಳಿಸಬಹುದು. ರಕ್ತ ಹೆಪ್ಪುಗಟ್ಟಬಾರದು, ಮಂಜುಗಡ್ಡೆಯೂ ಆಗಬಾರದು.

ಪಾಸಿಟಿವ್ ಎಂದರೆ ಎಷ್ಟರಮಟ್ಟಿಗೆ ಪಾಸಿಟಿವ್?

ಈ ವೈರಸ್ಸನ್ನು 1964ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು ಗುರುತಿಸಿದರು. ಕ್ಯಾನ್ಸರ್ ಗಡ್ಡೆಯಿದ್ದ ಬೆಕ್ಕಿನಲ್ಲಿ ಮೊದಲು ಕಂಡದ್ದರಿಂದ ಹೆಸರು ಹಾಗೆ ಬಂತು. ನಿಜದಲ್ಲಿ ರಕ್ತದ ಕ್ಯಾನ್ಸರ್‌ಗಿಂತ ರಕ್ತಹೀನತೆಯಿಂದ, ನಿರೋಧಕಶಕ್ತಿ ಕುಸಿದು ಬರುವ ಬೇರೆ ಸೋಂಕುಗಳಿಂದ ನರಳುವ ಬೆಕ್ಕುಗಳೇ ಹೆಚ್ಚು. ಇದು ರೆಟ್ರೊವೈರಸ್, ಬೆಕ್ಕಿನ ಜೀವಕೋಶದ ಡಿಎನ್ಎಯೊಳಗೇ ತನ್ನ ಪ್ರತಿಯನ್ನು ಸೇರಿಸಿಬಿಡುತ್ತದೆ. ಹೀಗಾಗಿ ಒಮ್ಮೆ ಹೊಕ್ಕ ಮೇಲೆ ಪೂರ್ತಿ ತೆಗೆದುಹಾಕುವ ಮದ್ದಿಲ್ಲ. (ಹೆಸರು ಹತ್ತಿರವಿದೆ ಎಂದು ಪ್ಯಾನ್‌ಲ್ಯುಕೋಪೀನಿಯಾ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ವಾಂತಿಭೇದಿಯ ಪಾರ್ವೊ ವೈರಸ್, ಪೂರಾ ಬೇರೆ ರೋಗ.)

ವೈರಸ್ ಹೊಕ್ಕ ಬೆಕ್ಕುಗಳೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಕೆಲವು ಅದನ್ನು ಶುರುವಿನಲ್ಲೇ ಹೊಡೆದೋಡಿಸುತ್ತವೆ. ಕೆಲವು ಅದನ್ನು ಅದುಮಿಡುತ್ತವೆ. ರಕ್ತದಲ್ಲಿ ವೈರಸ್ ಕಾಣುವುದಿಲ್ಲ, ಡಿಎನ್ಎ ಪ್ರತಿ ಮಾತ್ರ ಒಳಗೆ ಮಲಗಿರುತ್ತದೆ, ಸ್ಟೆರಾಯ್ಡ್ ಅಥವಾ ಬೇರೆ ಭಾರೀ ಕಾಯಿಲೆ ಬಂದಾಗ ಮತ್ತೆ ಏಳಬಹುದು. ಉಳಿದವುಗಳಲ್ಲಿ ವೈರಸ್ ರಕ್ತದಲ್ಲೂ ಜೊಲ್ಲಿನಲ್ಲೂ ಸದಾ ಹರಿಯುತ್ತಿರುತ್ತದೆ. ಆಯುಸ್ಸು ಕಡಿಮೆಯಾಗುವುದು ಈ ಮೂರನೆಯವಕ್ಕೆ. ಹೆಚ್ಚಿನವು ಗೊತ್ತಾದ ಮೂರು ವರ್ಷದೊಳಗೆ ತೀರಿಕೊಳ್ಳುತ್ತವೆ, ಒಳ್ಳೆಯ ಆರೈಕೆಯಲ್ಲಿ ಅದನ್ನು ದಾಟಿದವೂ ಇವೆ.

ಕಿಟ್ ನೋಡುವುದು ಪಿ27 ಎಂಬ ವೈರಸ್ ಪ್ರೋಟೀನನ್ನು. ಒಂದೇ ಕಿಟ್‌ನ ಮೇಲೆ ತೀರ್ಪು ಬರೆಯುವಂತಿಲ್ಲ. ಮನೆಯೊಳಗೇ ಇದ್ದು ಗಟ್ಟಿಮುಟ್ಟಾಗಿರುವ ಬೆಕ್ಕಿಗೆ ಪಾಸಿಟಿವ್ ಬಂದರೆ ಸುಳ್ಳಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ನಿಮ್ಮದರ ಲೆಕ್ಕ ಬೇರೆ: ಆಪರೇಷನ್ ಆಗದ, ಹೊರಗೆ ತಿರುಗುವ, ಒಸಡು ಬಿಳಿಚಿದ ಗಂಡು. ಇಲ್ಲಿ ಫಲಿತಾಂಶ ನಿಜವೇ ಇರಬಹುದು. ಆದರೂ ಬೇರೆ ಕಂಪನಿಯ ಕಿಟ್‌ನಲ್ಲಿ ಅಥವಾ ಲ್ಯಾಬಿನ ಎಲೈಸಾದಲ್ಲಿ (ಅದೇ ಪ್ರೋಟೀನನ್ನು ನೋಡುವ ಪರೀಕ್ಷೆ) ಇನ್ನೊಮ್ಮೆ ನೋಡಿಸಿ, ಜೊತೆಗೆ ಪ್ರೊವೈರಸ್ (ಬೆಕ್ಕಿನ ಡಿಎನ್ಎಯೊಳಗೆ ಸೇರಿದ ವೈರಸ್ ಪ್ರತಿ) ಪಿಸಿಆರ್ ಮಾಡಿಸಿ. ಎರಡೂ ಪಾಸಿಟಿವ್ ಬಂದರೆ ಸೋಂಕು ಖಚಿತ. ಅದು ಅದುಮಿಟ್ಟ ಬಗೆಯೋ ಹರಿಯುವ ಬಗೆಯೋ ಎಂದು ತಿಳಿಯಲು ಮೂರ್ನಾಲ್ಕು ತಿಂಗಳು ಬಿಟ್ಟು ಕಿಟ್ ಪರೀಕ್ಷೆ ಮತ್ತೆ ಬೇಕು. ಅಷ್ಟರಲ್ಲಿ ಪಿ27 ಹೋಗಿ ಡಿಎನ್ಎ ಮಾತ್ರ ಉಳಿದಿದ್ದರೆ ನಿಮ್ಮ ಬೆಕ್ಕಿನ ಮುಂದಿನ ಕತೆಯೇ ಬೇರೆ.

ಮಗು, ಉಳಿದ ಬೆಕ್ಕುಗಳು, ಲೈನ್‌ಮನೆ

ಮಗುವಿಗೆ ಈ ವೈರಸ್ ಅಂಟುವುದಿಲ್ಲ. ನಾಯಿಗೂ, ದನಕ್ಕೂ ಅಂಟುವುದಿಲ್ಲ. ಆದರೆ ನಿರೋಧಕಶಕ್ತಿ ಕುಗ್ಗಿದ ಬೆಕ್ಕಿನಲ್ಲಿ ಹುಳುಕಡ್ಡಿಯಂಥ ಬೇರೆ ಸೋಂಕು ಸುಲಭವಾಗಿ ಹಿಡಿಯುತ್ತದೆ, ಅದು ಮಗುವಿಗೆ ದಾಟಬಹುದು. ಮೈಮೇಲೆ ದುಂಡಗೆ ಕೂದಲು ಉದುರಿದ ಜಾಗ ಕಂಡರೆ ಮಗುವನ್ನು ದೂರವಿಡಿ. ಮನೆಯಲ್ಲಿ ಬಸುರಿಯರಿದ್ದರೆ ಮಲದ ತಟ್ಟೆಯ ಕೆಲಸ ಬೇರೆಯವರದು. ತಟ್ಟೆಯನ್ನು ದಿನವೂ ತೆಗೆಯಿರಿ, ಬೆಕ್ಕಿನ ಮಲದಲ್ಲಿ ಬರುವ, ಗರ್ಭದ ಮಗುವಿಗೆ ಅಪಾಯಕಾರಿಯಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಅಂಡ ಸೋಂಕು ಹರಡುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಹಿಡಿಯುತ್ತದೆ.

ಬೆಕ್ಕಿನಿಂದ ಬೆಕ್ಕಿಗೆ ದಾಟುವುದು ಮುಖ್ಯವಾಗಿ ಜೊಲ್ಲಿನಿಂದ: ಒಂದನ್ನೊಂದು ನೆಕ್ಕುವುದು, ಒಂದೇ ತಟ್ಟೆಯಲ್ಲಿ ತಿನ್ನುವುದು, ಕಚ್ಚುವುದು. ತಾಯಿಯಿಂದ ಮರಿಗೆ ಹೊಟ್ಟೆಯಲ್ಲೇ, ಹಾಲಿನಲ್ಲೂ ಹೋಗುತ್ತದೆ. ಮರಿಗಳಿಗೆ ತಗಲುವುದು ಬಹಳ ಸುಲಭ, ದೊಡ್ಡ ಬೆಕ್ಕು ಸ್ವಲ್ಪ ತಡೆಯುತ್ತದೆ. ಮನೆಯ ಉಳಿದೆರಡನ್ನೂ ಈಗಲೇ ಪರೀಕ್ಷಿಸಿ. ನೆಗೆಟಿವ್ ಬಂದರೆ ಅಲ್ಲಿಗೆ ಮುಗಿಯಲಿಲ್ಲ. ಸೋಂಕು ತಗಲಿ ಸುಮಾರು 30 ದಿನದವರೆಗೆ ಕಿಟ್ ಹಿಡಿಯದೆ ಹೋಗಬಹುದು. ಬೇರೆ ಕೋಣೆಯಲ್ಲಿಟ್ಟು ಒಂದೆರಡು ತಿಂಗಳ ಮೇಲೆ ಮತ್ತೆ ನೋಡಿಸಿ. ಆಗಲೂ ನೆಗೆಟಿವ್ ಎಂದಾದರೆ ಲ್ಯುಕೇಮಿಯಾ ಲಸಿಕೆ ಹಾಕಿಸುವುದು ಸರಿ, ಮೂರು–ನಾಲ್ಕು ವಾರದ ಅಂತರದಲ್ಲಿ ಎರಡು ಸಲ. ‘ನಾವು ಟ್ರೈಕ್ಯಾಟ್ ಹಾಕಿಸಿದ್ದೇವಲ್ಲ’ ಎನ್ನುವವರಿಗೆ ಒಂದು ಮಾತು: ಆ ಮೂರರಲ್ಲಿ ಲ್ಯುಕೇಮಿಯಾ ಇಲ್ಲ. ಪ್ಯಾನ್‌ಲ್ಯುಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ ಮಾತ್ರ. ಲ್ಯುಕೇಮಿಯಾ ಲಸಿಕೆ ಎಲ್ಲ ಕಡೆ ಫ್ರಿಜ್‌ನಲ್ಲಿ ಸಿದ್ಧವಾಗಿರುವುದಿಲ್ಲ, ಮೈಸೂರು–ಬೆಂಗಳೂರಿನಲ್ಲಿ ಮೊದಲೇ ವಿಚಾರಿಸಿ. ಈಗಾಗಲೇ ಪಾಸಿಟಿವ್ ಆದ ಬೆಕ್ಕಿಗೆ ಅದನ್ನು ಹಾಕಿಸಿ ಲಾಭವಿಲ್ಲ.

ತೋಟದಲ್ಲಿ ಬಿಡಿ ಎಂಬ ಸಲಹೆಯನ್ನು ಒಪ್ಪಲೇಬೇಡಿ. ಲೈನ್‌ಮನೆಯ ಬೆಕ್ಕುಗಳಿಗೆಲ್ಲ ಹಂಚಿದ ಹಾಗಾಗುತ್ತದೆ, ಮರಿಗಳು ಮೊದಲು ಹೋಗುತ್ತವೆ. ತೋಟದ ಅಂಚಿಗೇ ಕಾಡಿರುವ ಕೊಡಗಿನಲ್ಲಿ ಕಾಡುಬೆಕ್ಕು, ಚಿರತೆಬೆಕ್ಕುಗಳ ಮಾತೂ ಇದೆ. ಅಮೆರಿಕದ ಫ್ಲೋರಿಡಾ ಪ್ಯಾಂಥರ್‌ಗಳಲ್ಲಿ, ಸ್ಪೇನಿನ ಐಬೀರಿಯನ್ ಲಿಂಕ್ಸ್‌ಗಳಲ್ಲಿ ಈ ವೈರಸ್ ಸಾಕುಬೆಕ್ಕುಗಳ ಕಡೆಯಿಂದ ನುಗ್ಗಿ ಸಾವು ತಂದದ್ದು ದಾಖಲಾಗಿದೆ.

ಒಳಗಿಡುವುದು

ಒಂದು ಕೋಣೆ ಅಥವಾ ಜಾಲರಿ ಬಿಗಿದ ಜಗಲಿ ಸಾಕು. ಅರ್ಧ ಇಂಚಿನ ಕೋಳಿಜಾಲರಿಯನ್ನು ಚೌಕಟ್ಟಿಗೆ ಒಳಗಡೆಯಿಂದ ಹೊಡೆಯಿರಿ. ಹೊರಗಿನಿಂದ ಹೊಡೆದರೆ ಬೆಕ್ಕು ತಳ್ಳಿ ಮೊಳೆ ಕೀಳುತ್ತದೆ. ಮೊದಲ ಎರಡು ವಾರ ರಾತ್ರಿಯೆಲ್ಲ ಕೂಗುತ್ತದೆ, ಬಾಗಿಲು ಕೆರೆಯುತ್ತದೆ, ಗೋಡೆಗೆ ಮೂತ್ರ ಹಾರಿಸುತ್ತದೆ. ಹೆಚ್ಚಿನವರು ಸೋತು ಬಾಗಿಲು ತೆರೆಯುವುದು ಇಲ್ಲೇ. ರಕ್ತ ಸುಧಾರಿಸಿ ವೈದ್ಯರು ಅರಿವಳಿಕೆಗೆ ಒಪ್ಪಿದ ಕೂಡಲೇ ಆಪರೇಷನ್ ಮಾಡಿಸಿ, ಈ ಹಟ ಕೆಲವು ವಾರಗಳಲ್ಲಿ ಬಹಳಷ್ಟು ಇಳಿಯುತ್ತದೆ. ಈಗಿನ ಬೆಳ್ಳನೆಯ ಒಸಡಿನಲ್ಲಿ ಮಾತ್ರ ಅರಿವಳಿಕೆ ಬೇಡ.

ಮಲದ ತಟ್ಟೆಗೆ ಹೊಳೆಮರಳು, ಮರದ ಹೊಟ್ಟು ಯಾವುದಾದರೂ ಆದೀತು. ಕಣದಲ್ಲಿ ರಾಶಿ ಬಿದ್ದಿದೆ ಎಂದು ಕಾಫಿ ಸಿಪ್ಪೆ ಹಾಕಬೇಡಿ. ಅದರಲ್ಲಿ ಕೆಫೀನ್ ಇದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ.

ಈ ವೈರಸ್ ಹೊರಗೆ ಬಹಳ ಮೆತ್ತಗಿನದು. ಒಣಗಿದ ನೆಲದ ಮೇಲೆ ಹೆಚ್ಚು ಹೊತ್ತು ಬದುಕದು, ಸೋಪುನೀರಿಗೇ ಸಾಯುತ್ತದೆ. ಪಾತ್ರೆಗೆ ವಿಮ್ ಹಾಕಿ ತಿಕ್ಕಿದರೆ ಸಾಕು. ನೆಲಕ್ಕೆ ಬ್ಲೀಚ್ ಬಳಸುವುದಾದರೆ ಲೀಟರ್ ನೀರಿಗೆ 30 ಮಿಲಿ, ಒಣಗಿದ ಮೇಲೆ ಬೆಕ್ಕನ್ನು ಬಿಡಿ. ನಮ್ಮ ಮನೆಗಳ ಫಿನಾಯಿಲ್, ಡೆಟಾಲ್ ಈ ಕೋಣೆಗೆ ಬೇಡವೇ ಬೇಡ. ಬೆಕ್ಕು ನೆಲದ ಮೇಲೆ ನಡೆದು ಪಾದ ನೆಕ್ಕುತ್ತದೆ, ಫಿನಾಲ್ ಜಾತಿಯ ವಸ್ತುಗಳನ್ನು ಅದರ ಮೈ ಕರಗಿಸಲಾರದು.

ಊಟ

ಹಾಲು–ಅನ್ನದಲ್ಲಿ ಬೆಳೆದ ಬೆಕ್ಕಿಗೆ ಮಾಂಸದ ಪ್ರೋಟೀನೂ ಟಾರಿನ್ ಎಂಬ ಅಂಶವೂ ಸಾಲುವುದಿಲ್ಲ. 4 ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಬೇಕು. ಬೆಕ್ಕಿನ ಸಿದ್ಧ ಆಹಾರವೇ ಆಧಾರವಾಗಿರಲಿ. ಮೇಲೆ ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಅಥವಾ ಮತ್ತಿಮೀನು ರುಚಿಗೆ. ಮತ್ತಿಯೊಂದನ್ನೇ ದಿನವೂ ಹಾಕಿದರೆ ವಿಟಮಿನ್ ಇ ಕೊರತೆಯಾಗಿ ಚರ್ಮದಡಿಯ ಕೊಬ್ಬು ಉರಿಯೂತಗೊಂಡು ಮುಟ್ಟಿದರೆ ನೋಯುತ್ತದೆ. ಹಸಿ ಮಾಂಸ, ಹಸಿ ಮೊಟ್ಟೆ, ಕಾಯಿಸದ ಹಾಲು ಈ ಬೆಕ್ಕಿಗೆ ನಿಷೇಧ. ಆರೋಗ್ಯವಂತ ಬೆಕ್ಕು ದಕ್ಕಿಸಿಕೊಳ್ಳುವ ಸಾಲ್ಮೊನೆಲ್ಲಾ ಇದನ್ನು ಮಲಗಿಸಿಬಿಡುತ್ತದೆ.

ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳ ದಿನ ಪಂದಿಕರಿಯ (ಹಂದಿಮಾಂಸದ ಅಡುಗೆ) ಚೂರನ್ನು ಪ್ರೀತಿಯಿಂದ ಎಸೆಯುವವರಿಗೆ ಮೊದಲೇ ಹೇಳಿಡಿ. ಈರುಳ್ಳಿ, ಬೆಳ್ಳುಳ್ಳಿ ಬೆಂದರೂ ಬೆಕ್ಕಿನ ಕೆಂಪುಕಣವನ್ನು ಒಡೆಯುತ್ತವೆ. ಮೊದಲೇ ರಕ್ತ ಕಡಿಮೆಯಿರುವ ಬೆಕ್ಕಿಗೆ ಮಸಾಲೆಯ ಚೂರೂ ದುಬಾರಿ.

ಮೂಗು ಕಟ್ಟಿದ, ಸುಸ್ತಾದ ಬೆಕ್ಕಿಗೆ ಊಟವನ್ನು ಮೈ ಬಿಸಿಯಷ್ಟು, ಸುಮಾರು 38 ಡಿಗ್ರಿಗೆ, ಬೆಚ್ಚಗೆ ಮಾಡಿ ಕೊಡಿ; ವಾಸನೆ ಏಳದಿದ್ದರೆ ಅದು ಮೂಸಿಯೂ ನೋಡದು. ದಿನಕ್ಕೆ ಐದಾರು ಸಲ, ಎರಡು ಚಮಚದಂತೆ. ಎರಡು ದಿನ ಏನೂ ತಿನ್ನದಿದ್ದರೆ ‘ನಾಳೆ ನೋಡೋಣ’ ಎನ್ನಬೇಡಿ. ಉಪವಾಸದಲ್ಲಿ ಬೆಕ್ಕಿನ ಕೊಬ್ಬು ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಹೊಸದೊಂದು ರೋಗವೇ ಶುರುವಾಗುತ್ತದೆ. ವಾಂತಿ ನಿಲ್ಲಿಸಿ ಹಸಿವು ಏರಿಸುವ ಮದ್ದುಗಳಿವೆ, ಮಿರ್ಟಜಪಿನ್ ಅಂಥದೊಂದು, ವೈದ್ಯರನ್ನು ಕೇಳಿ.

ಮಳೆಗಾಲ

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ, ಚಳಿ ಈ ಬೆಕ್ಕಿಗೆ ಕಠಿಣ. ರಕ್ತ ಕಡಿಮೆಯಿದ್ದರೆ ಮೈ ಬೇಗ ತಣ್ಣಗಾಗುತ್ತದೆ. ಬಿಸಿನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗಿಡಿ, ಬಿಸಿಯೆನಿಸಿದರೆ ಸರಿದುಕೊಳ್ಳಲು ಇನ್ನೊಂದು ಬದಿ ಖಾಲಿ ಇರಲಿ. ಅಗ್ಗಿಷ್ಟಿಕೆಯ ಹೊಗೆ ತುಂಬಿದ ಕೋಣೆಯಲ್ಲಿ ಮಲಗಿಸಬೇಡಿ. ಒಣ ಆಹಾರದ ದೊಡ್ಡ ಚೀಲ ತಂದರೆ ಎರಡು ವಾರದಲ್ಲಿ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಚಿಕ್ಕ ಪ್ಯಾಕೆಟ್ ತಂದು ಬಿಗಿ ಡಬ್ಬಿಯಲ್ಲಿಡಿ.

ಜಗಲಿಯವರೆಗೂ ಜಿಗಣೆ ಬರುತ್ತದೆ. ಬೆರಳ ಸಂದು, ಕಿವಿಯ ಹಿಂದೆ, ಬಾಲದ ಬುಡ ದಿನವೂ ನೋಡಿ. ಕಚ್ಚಿದ್ದರೆ ಉಗುರನ್ನು ಅದರ ಬಾಯಿಯ ಕೆಳಗೆ ಜಾರಿಸಿ ಬಿಡಿಸಿ. ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪು–ಸುಣ್ಣದ ನೀರನ್ನು ಬೆಕ್ಕಿಗೆ ಹಚ್ಚಬೇಡಿ, ನೆಕ್ಕಿದರೆ ನಿಕೋಟಿನ್ ವಿಷ.

ಚಿಗಟ, ಉಣ್ಣಿಗೆ ಬೆಕ್ಕಿಗೆಂದೇ ಬರೆದ ಸೆಲಾಮೆಕ್ಟಿನ್, ಫಿಪ್ರೊನಿಲ್ ಅಥವಾ ಫ್ಲುರಲಾನರ್ ಹನಿಮದ್ದು. ದನದ ಉಣ್ಣಿಗೆ ತಂದ ಡೆಲ್ಟಾಮೆಥ್ರಿನ್ ಬಾಟಲಿ, ನಾಯಿಯ ಪರ್ಮೆಥ್ರಿನ್ ಹನಿ, ಅಮಿಟ್ರಾಜ್ ನೀರು, ಮೂರೂ ಬೆಕ್ಕಿಗೆ ವಿಷ. ನಾಯಿಗೆ ಹಚ್ಚಿದ ದಿನ ಅದು ಬೆಕ್ಕಿನ ಪಕ್ಕ ಮಲಗದಂತೆ ನೋಡಿಕೊಳ್ಳಿ. ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಗೋದಾಮಿನ ಇಲಿಪಾಷಾಣವನ್ನೂ ಮರೆಯಬೇಡಿ: ಅದರಲ್ಲಿ ಒಂದು ಜಾತಿ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ವಿಷ ತಿಂದ ಇಲಿಯನ್ನು ತಿಂದ ಬೆಕ್ಕೂ ಸೋರಿ ಬಿಳಿಚುತ್ತದೆ. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಇಟ್ಟಿದ್ದರೆ ಅದನ್ನು ಇವತ್ತೇ ವೈದ್ಯರಿಗೆ ಹೇಳಿ.

ಥಂಡಿಯಲ್ಲಿ ಹುಳುಕಡ್ಡಿ ಬಂದರೆ ಅಗ್ಗವೆಂದು ಗ್ರಿಸಿಯೋಫುಲ್ವಿನ್ ಬೇಡ, ಅದು ಮೂಳೆಮಜ್ಜೆಯನ್ನು ಕುಗ್ಗಿಸಬಲ್ಲದು. ಇಟ್ರಾಕೊನಜೋಲ್ ಬಗ್ಗೆ ಕೇಳಿ. ಬಾಯಿಹುಣ್ಣಿಗೋ ತುರಿಕೆಗೋ ಸ್ಟೆರಾಯ್ಡ್ ಇಂಜೆಕ್ಷನ್ ಚುಚ್ಚುವ ಮೊದಲೂ ‘ಲ್ಯುಕೇಮಿಯಾ ಪಾಸಿಟಿವ್’ ಎಂದು ನೀವೇ ಬಾಯಿಬಿಟ್ಟು ಹೇಳಿ.

ವೈರಸ್‌ಗೆ ಮದ್ದು?

ಜಿಡೊವುಡಿನ್, ಅಂದರೆ ಎಚ್‌ಐವಿಗೆ ಬಳಸುವ ಎಜೆಡ್‌ಟಿ, ಕಿಲೋಗೆ 5ರಿಂದ 10 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ಕೊಡುವುದುಂಟು. ಬಾಯಿಹುಣ್ಣು, ನರದ ತೊಂದರೆ ಇರುವ ಬೆಕ್ಕಿಗೆ ಕೆಲವೊಮ್ಮೆ ಆರಾಮ ಕೊಡುತ್ತದೆ. ಅದರ ಮುಖ್ಯ ಅಡ್ಡಪರಿಣಾಮವೇ ರಕ್ತಹೀನತೆ. ಹಾಗಾಗಿ ನಿಮ್ಮ ಬೆಕ್ಕಿಗೆ ಈಗ ಅದು ತಕ್ಕ ಮದ್ದಲ್ಲ. ಬೆಕ್ಕಿನ ಇಂಟರ್‌ಫೆರಾನ್ ಒಮೆಗಾ ದುಬಾರಿ, ಲಾಭವೂ ಮಿತ. ಆ ದುಡ್ಡನ್ನು ರಕ್ತಪರೀಕ್ಷೆ, ಚಿಗಟದ ಹನಿ, ಒಳ್ಳೆಯ ಊಟಕ್ಕೆ ಹಾಕಿದರೆ ಬೆಕ್ಕಿಗೆ ಹೆಚ್ಚು ದಕ್ಕುತ್ತದೆ.

ರೇಬಿಸ್ ಲಸಿಕೆ ತಪ್ಪಿಸಬೇಡಿ. ಟ್ರೈಕ್ಯಾಟ್ ಜೀವಂತ ವೈರಸ್ಸಿನ ಲಸಿಕೆ. ಬೆಕ್ಕು ಚೇತರಿಸಿಕೊಂಡ ಮೇಲೆ ಹಾಕಿಸುವುದೋ ಬಿಡುವುದೋ ಎಂದು ವೈದ್ಯರು ತೂಗಿ ಹೇಳಬೇಕು. ಪ್ಯಾನ್‌ಲ್ಯುಕೋಪೀನಿಯಾ ನಿಮ್ಮ ಚಪ್ಪಲಿಯಲ್ಲೇ ಒಳಗೆ ಬರಬಲ್ಲದು, ಆದ್ದರಿಂದ ‘ಒಳಗಿರುವ ಬೆಕ್ಕಿಗೆ ಯಾಕೆ’ ಎಂದು ತಳ್ಳಿಹಾಕುವ ಹಾಗಿಲ್ಲ. ಜಂತುಮದ್ದು ಮೂರು ತಿಂಗಳಿಗೊಮ್ಮೆ.

ಮನೆಯಲ್ಲಿ ನೋಡಬೇಕಾದ್ದು

ಬೆಳಗಿನ ಬೆಳಕಿನಲ್ಲಿ, ದಿನವೂ ಒಂದೇ ಕಿಟಕಿಯ ಬಳಿ, ಮೇಲ್ದುಟಿ ಎತ್ತಿ ಕೋರೆಹಲ್ಲಿನ ಮೇಲಿನ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಣ್ಣ ಎರಡು ಸೆಕೆಂಡಿನೊಳಗೆ ಮರಳಬೇಕು. ವಾರಕ್ಕೊಂದು ಫೋಟೊ ಅದೇ ಬೆಳಕಿನಲ್ಲಿ ತೆಗೆದಿಡಿ; ದಿನದಿನದ ಬದಲಾವಣೆ ಕಣ್ಣಿಗೆ ಗೊತ್ತಾಗುವುದಿಲ್ಲ, ನಾಲ್ಕು ಫೋಟೊ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಒಸಡು ಕಪ್ಪಿರುವ ಬೆಕ್ಕಾದರೆ ಕೆಳರೆಪ್ಪೆಯ ಒಳಭಾಗ ನೋಡಿ. ಹಳದಿ ಛಾಯೆ ಕಂಡರೆ ಅದೇ ದಿನ ಹೊರಡಿ.

ವಾರಕ್ಕೊಮ್ಮೆ ತೂಕ. ಕರಿಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲಿದ್ದರೆ ಅದೇ ಸರಿ. ಬೆಕ್ಕನ್ನು ಎತ್ತಿಕೊಂಡು ನೀವು ತಕ್ಕಡಿ ಏರಿ ಕಳೆಯುವ ಲೆಕ್ಕ ಸಾಲದು. 4 ಕಿಲೋ ಬೆಕ್ಕಿನಲ್ಲಿ 200 ಗ್ರಾಂ ಇಳಿದರೆ ಅದು 60 ಕಿಲೋ ಮನುಷ್ಯನಲ್ಲಿ 3 ಕಿಲೋ ಇಳಿದಷ್ಟು. ನಿದ್ದೆಯಲ್ಲಿ ಉಸಿರು ಎಣಿಸಿ: ನಿಮಿಷಕ್ಕೆ 30 ದಾಟಬಾರದು. ರಕ್ತ ಕಡಿಮೆಯಾದರೂ ಏರುತ್ತದೆ, ಎದೆಯೊಳಗೆ ಲಿಂಫೋಮಾ ಎಂಬ ಕ್ಯಾನ್ಸರ್ ಗಡ್ಡೆ ಬೆಳೆದು ನೀರು ತುಂಬಿದರೂ ಏರುತ್ತದೆ. ಎರಡನೆಯದು ಈ ವೈರಸ್ ಇರುವ ಎಳೆಯ ಬೆಕ್ಕುಗಳಲ್ಲೇ ಹೆಚ್ಚು, ಎಕ್ಸ್‌ರೇಯಲ್ಲಿ ಕಾಣುತ್ತದೆ. ಬಾಯಿ ತೆರೆದು ಉಸಿರಾಡುವ ಬೆಕ್ಕನ್ನು ಮಡಿಲಲ್ಲಿ ಹಿಡಿದು ಕೊಸರಾಡಿಸಬೇಡಿ. ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ, ಆಸ್ಪತ್ರೆಗೆ ಫೋನ್ ಮಾಡಿಯೇ ಹೊರಡಿ.

‘ಮಲಗಿಸುವ’ ಮಾತು ಬರುವುದು ಹೀಗಾದಾಗ: ಚಿಕಿತ್ಸೆ ಕೊಟ್ಟೂ, ರಕ್ತ ಏರಿಸಿಯೂ ಪಿಸಿವಿ ಮತ್ತೆ ಮತ್ತೆ 15ಕ್ಕೆ ಕುಸಿದರೆ, ಎದೆಯ ನೀರು ತೆಗೆದ ಕೆಲವೇ ದಿನಕ್ಕೆ ಮತ್ತೆ ತುಂಬಿದರೆ, ಹಸಿವಿನ ಮದ್ದು ಕೊಟ್ಟೂ ತಾನಾಗಿ ತಿನ್ನದೆ, ಮೈ ನೆಕ್ಕಿಕೊಳ್ಳದೆ, ಮಲದ ತಟ್ಟೆಯವರೆಗೂ ನಡೆಯಲಾಗದೆ ದಿನಗಟ್ಟಲೆ ಬಿದ್ದುಕೊಂಡರೆ. ಲಿಂಫೋಮಾಗೆ ಕೀಮೋ ಇದೆ, ಆದರೆ ವೈರಸ್ ಪಾಸಿಟಿವ್ ಬೆಕ್ಕುಗಳಲ್ಲಿ ಅದು ಕೊಡುವ ಕಾಲ ಚಿಕ್ಕದು. ಅದಕ್ಕಾಗಿ ವಾರವಾರ ತಿತಿಮತಿ–ಹುಣಸೂರು ದಾರಿಯಲ್ಲಿ ಕೊಂಡೊಯ್ಯುವುದು ಬೆಕ್ಕಿಗೆ ಹಿತವೋ ಎಂದು ಮನೆಯವರೇ ಯೋಚಿಸಬೇಕು. ಆಗ ಇಂಜೆಕ್ಷನ್ ಕೊಡಿಸುವುದಾದರೆ ಮೊದಲು ಮಂಪರು ಬರಿಸಿ ಆಮೇಲೆ ಕೊನೆಯ ಮದ್ದು ಕೊಡುವಂತೆ ಕೇಳಿ.

ನಿಮ್ಮ ಬೆಕ್ಕು ಡಾಕ್ಸಿಸೈಕ್ಲಿನ್‌ಗೆ ಒಗ್ಗಿ ಪಿಸಿವಿ 25 ದಾಟಿದರೆ ತಪಾಸಣೆ ಆರು ತಿಂಗಳಿಗೊಮ್ಮೆ: ತೂಕ, ಬಾಯಿ, ಕಣ್ಣು, ಗಂಟುಗಳು, ಪೂರ್ತಿ ರಕ್ತಕಣ ಲೆಕ್ಕ, ವರ್ಷಕ್ಕೊಮ್ಮೆ ಕಿಡ್ನಿ–ಲಿವರ್ ಪರೀಕ್ಷೆ, ಮೂತ್ರ. ಮಳೆ ಜೋರಾಗಿ ದಾರಿಗೆ ಮರ ಬೀಳುವ ಜುಲೈಯನ್ನು ಬಿಟ್ಟು ಮೇ ಕೊನೆಗೊಂದು, ಕಾಫಿ ಕುಯ್ಲಿನ ಗಡಿಬಿಡಿ ಏರುವ ಮೊದಲು ನವೆಂಬರಿಗೊಂದು ದಿನ ಗೊತ್ತುಮಾಡಿಕೊಳ್ಳಿ. ಮೇ ತಿಂಗಳಲ್ಲಿ ಹೋದಾಗಲೇ ಎರಡು ತಿಂಗಳಿಗಾಗುವಷ್ಟು ಮದ್ದು, ಚಿಗಟದ ಹನಿ, ಸಿರಿಂಜು ತಂದಿಟ್ಟುಕೊಳ್ಳಿ.